ಗ್ಯಾಲಕ್ಸಿಯನ್ನು ಕೊಂದಿದ್ದು ಗುರುತ್ವವೋ, ನನ್ನ ಲ್ಯಾಪ್‌ಟಾಪೋ?

ಕಳೆದ ಬೇಸಿಗೆಯಲ್ಲಿ ನಾನು ಮನೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಗ್ಯಾಲಕ್ಸಿಯನ್ನು ಸಾಯಿಸಿದೆ. ನಿಜವಾದದ್ದಲ್ಲ, ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನಡೆಸುವ ಅನುಕರಣೆ. ದೊಡ್ಡದೇನಲ್ಲ, 2,000 ಚುಕ್ಕೆಗಳ ಒಂದು ಉಂಡೆ. ನಮ್ಮ ಸೂರ್ಯ ಇರುವ ಗ್ಯಾಲಕ್ಸಿಯಾದ ಹಾಲುಹಾದಿಯಷ್ಟು ಭಾರದ ಗುರುತ್ವದ ಸುತ್ತ ಅದನ್ನು ಸುತ್ತಲು ಬಿಟ್ಟು ಊಟಕ್ಕೆ ಎದ್ದು ಹೋದೆ. ವಾಪಸ್ ಬಂದು ನೋಡಿದರೆ ಉಂಡೆ ಉದ್ದಕ್ಕೆ ಎಳೆದುಕೊಂಡು, ಹಿಂದೆ ಮುಂದೆ ಎರಡು ಬಾಲ ಬಿಟ್ಟು, ಕೊನೆಗೆ ಪೂರ್ತಿ ಚದುರಿಹೋಗಿತ್ತು. ಖುಷಿಯಾಯಿತು. ಇಷ್ಟು ದಿನ ಓದಿದ್ದು ತೆರೆಯ ಮೇಲೆ ಕಂಡಿತಲ್ಲ ಅಂತ. ಆಮೇಲೆ ಸುಮ್ನೆ ಕುತೂಹಲಕ್ಕೆ, ಉಂಡೆಯ ತೂಕ, ದಾರಿ ಯಾವುದನ್ನೂ ಮುಟ್ಟದೆ, ಚುಕ್ಕೆಗಳನ್ನು ಮಾತ್ರ 50,000ಕ್ಕೆ ಏರಿಸಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡುತ್ತೇನೆ, ಉಂಡೆ ಬದುಕಿದೆ! ಸೊರಗಿತ್ತು ನಿಜ. ಹೊರಗಿನದೆಲ್ಲ ಉದುರಿ ಬಾಲವಾಗಿತ್ತು. ಆದರೆ ನಡುವಿನ ತಿರುಳು ಗಟ್ಟಿಯಾಗಿ ಕೂತಿತ್ತು.

ಅದೇ ತೂಕ, ಅದೇ ದಾರಿ, ಅದೇ ಗುರುತ್ವ. ಹಾಗಾದರೆ ಮೊದಲ ಸಲ ಅದನ್ನು ಕೊಂದಿದ್ದು ಯಾರು?

ಇದು ನನ್ನಂಥ ಹವ್ಯಾಸಿಯ ತಲೆನೋವು ಮಾತ್ರ ಅಂದುಕೊಂಡಿದ್ದೆ. ಅಲ್ಲ. ಸೂಪರ್‌ಕಂಪ್ಯೂಟರ್ ಇಟ್ಟುಕೊಂಡು ಇದೇ ಕೆಲಸ ಮಾಡುವವರು ಕೂಡ ಇದೇ ಪ್ರಶ್ನೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ಅದನ್ನು ಹೇಳೋಕೆ ಮೊದಲು ಗ್ಯಾಲಕ್ಸಿ ಚದುರುವುದು ಅಂದರೇನು ಅಂತ ನೋಡಬೇಕು.

ಮಲ್ಪೆ, ಕಾರವಾರದ ಕಡೆಯವರಿಗೆ ಉಬ್ಬರ ಇಳಿತ ಹೊಸದಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರ ನೀರನ್ನು ಎಳೆಯುತ್ತಾನೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಹಾಗಿದ್ದರೆ ಚಂದ್ರ ಇರುವ ಕಡೆ ಮಾತ್ರ ನೀರು ಉಬ್ಬಬೇಕಿತ್ತು, ಅಲ್ವಾ? ಆಚೆ ಬದಿಯಲ್ಲೂ ಯಾಕೆ ಉಬ್ಬುತ್ತದೆ? ಯಾಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಎಳೆತ ಅಲ್ಲ, ಎಳೆತದಲ್ಲಿರುವ ವ್ಯತ್ಯಾಸ. ಮೂವರು ಒಂದೇ ಸಾಲಿನಲ್ಲಿ ಕೈ ಕೈ ಹಿಡಿದು ಓಡುತ್ತಿದ್ದಾರೆ ಅಂದುಕೊಳ್ಳಿ. ಮುಂದಿನವನನ್ನು ಯಾರೋ ಜೋರಾಗಿ ಎಳೆಯುತ್ತಿದ್ದಾರೆ, ನಡುವಿನವನನ್ನು ಸ್ವಲ್ಪ ಕಮ್ಮಿ, ಹಿಂದಿನವನನ್ನು ಇನ್ನೂ ಕಮ್ಮಿ. ನಡುವಿನವನಿಗೆ ಮುಂದಿನವನು ಕೈ ಕಿತ್ತುಕೊಂಡು ಹೋಗುತ್ತಿರುವ ಹಾಗೆ, ಹಿಂದಿನವನು ಹಿಂದಕ್ಕೆ ಜಗ್ಗುತ್ತಿರುವ ಹಾಗೆ ಅನಿಸುತ್ತದೆ. ಎಲ್ಲರೂ ಓಡುತ್ತಿರುವುದು ಒಂದೇ ದಿಕ್ಕಿಗೆ, ಆದರೂ ಅವನ ಎರಡೂ ತೋಳು ನೋಯುತ್ತವೆ. ಉಬ್ಬರ ಬಲ ಅಂದರೆ ಇಷ್ಟೇ. ಈ ಬಲಕ್ಕೆ ಒಂದು ಕೆಟ್ಟ ಗುಣ ಇದೆ: ದೂರ ಅರ್ಧಕ್ಕೆ ಇಳಿದರೆ ಮಾಮೂಲಿ ಗುರುತ್ವ 4 ಪಟ್ಟು ಏರುತ್ತದೆ, ಉಬ್ಬರ ಬಲ 8 ಪಟ್ಟು ಏರುತ್ತದೆ. ಹತ್ತಿರ ಹೋದವನ ಕಥೆ ಮುಗಿಯಿತು ಅಂತಲೇ ಅರ್ಥ.

ಈಗ ಭೂಮಿಯ ಜಾಗದಲ್ಲಿ ಒಂದು ಕುಬ್ಜ ಗ್ಯಾಲಕ್ಸಿಯನ್ನು ಇಡಿ, ಚಂದ್ರನ ಜಾಗದಲ್ಲಿ ನಮ್ಮ ಹಾಲುಹಾದಿಯನ್ನು. ಹಾಲುಹಾದಿಯ ಸುತ್ತ ಇಂಥ ಮರಿ ಗ್ಯಾಲಕ್ಸಿಗಳು 50ಕ್ಕೂ ಹೆಚ್ಚು ಸಿಕ್ಕಿವೆ. ಭೂಮಿ ಗಟ್ಟಿ ಉಂಡೆ, ಅದರ ಸ್ವಂತ ಗುರುತ್ವ ಚಂದ್ರನ ಜಗ್ಗಾಟಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಬಚಾವಾಗುತ್ತದೆ. ಗ್ಯಾಲಕ್ಸಿಯಲ್ಲಿ ಕಲ್ಲೂ ಇಲ್ಲ, ಅಂಟೂ ಇಲ್ಲ. ಚದುರಿದ ನಕ್ಷತ್ರಗಳನ್ನು ಒಟ್ಟಿಗೆ ಹಿಡಿದಿರುವುದು ಅವುಗಳದೇ ಗುರುತ್ವ, ಜೊತೆಗೆ ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್‌ನ ಗುರುತ್ವ. ಆ ಹಿಡಿತಕ್ಕಿಂತ ಹಾಲುಹಾದಿಯ ಜಗ್ಗಾಟ ಜಾಸ್ತಿಯಾದ ಕಡೆ ನಕ್ಷತ್ರ ಕೈ ಬಿಡುತ್ತದೆ.

ಕಣ್ಣೆದುರಿಗೇ ಹೀಗೆ ಸಾಯುತ್ತಿರುವ ಒಂದು ಗ್ಯಾಲಕ್ಸಿ ಇದೆ. 1994ರಲ್ಲಿ ರೊಡ್ರಿಗೊ ಇಬಾಟಾ, ಜೆರಾರ್ಡ್ ಗಿಲ್ಮೋರ್ ಮತ್ತು ಮೈಕ್ ಇರ್ವಿನ್ ಅದನ್ನು ಪತ್ತೆ ಮಾಡಿದರು. ಅವರು ಹುಡುಕುತ್ತಿದ್ದದ್ದು ಅದನ್ನಲ್ಲ. ಹಾಲುಹಾದಿಯ ನಡುವಿನ ಉಬ್ಬಿನಲ್ಲಿರುವ ನಕ್ಷತ್ರಗಳ ವೇಗ ಅಳೆಯುತ್ತಿದ್ದರು. ಅದರಲ್ಲಿ ಒಂದು ಗುಂಪು ಮಾತ್ರ ಉಳಿದವುಗಳ ಜೊತೆ ಸೇರದೆ, ತನ್ನದೇ ಒಂದು ವೇಗದಲ್ಲಿ ಒಟ್ಟಾಗಿ ಹೋಗುತ್ತಿತ್ತು. ಜಾತ್ರೆಯ ಜನಜಂಗುಳಿಯಲ್ಲಿ ಒಂದೇ ಊರಿನವರು ಗುಂಪಾಗಿ ಬೇರೆ ಕಡೆಗೆ ನಡೆಯುತ್ತಿರುವ ಹಾಗೆ. ನೋಡಿದರೆ ಅದು ನಮ್ಮ ಗ್ಯಾಲಕ್ಸಿಯ ನಡುಭಾಗದ ಆಚೆಗೆ, ನಮ್ಮಿಂದ 80 ಸಾವಿರ ಜ್ಯೋತಿರ್ವರ್ಷಕ್ಕೂ ದೂರದಲ್ಲಿರುವ ಇನ್ನೊಂದು ಗ್ಯಾಲಕ್ಸಿ. ಧನು ರಾಶಿಯ ದಿಕ್ಕಿನಲ್ಲಿದೆ, ಹಾಗಾಗಿ ಧನು ಕುಬ್ಜ ಗ್ಯಾಲಕ್ಸಿ. ತಮಾಷೆ ಅಂದರೆ ಅದರ ನಟ್ಟನಡುವಿನ ನಕ್ಷತ್ರಗುಚ್ಛವನ್ನು ಖಗೋಳಿಗ ಚಾರ್ಲ್ಸ್ ಮೆಸ್ಸಿಯೇ 1778ರಲ್ಲೇ ನೋಡಿ ತನ್ನ ಪಟ್ಟಿಗೆ ಸೇರಿಸಿದ್ದ. ಅದೇ ಎಂ54. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಅದು ನಮ್ಮದೇ ಗುಚ್ಛ ಅಂದುಕೊಂಡಿದ್ದರು. ಬೇರೆ ಗ್ಯಾಲಕ್ಸಿಯ ಹೃದಯವನ್ನು ನೋಡುತ್ತಿದ್ದೇವೆ ಅಂತ ಯಾರಿಗೂ ಹೊಳೆಯಲಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ, ಕ್ಯಾಲ್ಕುಲೇಟರ್ ಸಾಕು. ಧನು ಗ್ಯಾಲಕ್ಸಿಯಲ್ಲಿ ಈಗ ಉಳಿದಿರುವುದು ಸುಮಾರು 40 ಕೋಟಿ ಸೂರ್ಯರ ತೂಕ. ಅದು ತನ್ನ ಸುತ್ತಿನಲ್ಲಿ ನಮ್ಮ ಗ್ಯಾಲಕ್ಸಿಯ ನಡುವಿಗೆ ಅತಿ ಹತ್ತಿರ ಬಂದಾಗ ದೂರ ಸುಮಾರು 50 ಸಾವಿರ ಜ್ಯೋತಿರ್ವರ್ಷ. ಅಷ್ಟು ದೂರದ ಒಳಗಿರುವ ಹಾಲುಹಾದಿಯ ತೂಕ ಸುಮಾರು 18 ಸಾವಿರ ಕೋಟಿ ಸೂರ್ಯರಷ್ಟು. ಅಂದರೆ ದೊಡ್ಡದು ಚಿಕ್ಕದಕ್ಕಿಂತ 450 ಪಟ್ಟು ಭಾರ. ಇದನ್ನು 3ರಿಂದ ಗುಣಿಸಿ, 1,350. ಇದರ ಘನಮೂಲ ಹೆಚ್ಚುಕಡಿಮೆ 11. 50 ಸಾವಿರವನ್ನು 11ರಿಂದ ಭಾಗಿಸಿದರೆ 4,500 ಜ್ಯೋತಿರ್ವರ್ಷ. ಮರಿ ಗ್ಯಾಲಕ್ಸಿಯ ನಡುವಿನಿಂದ ಇಷ್ಟು ದೂರದ ಒಳಗಿರುವ ನಕ್ಷತ್ರ ಅದರದ್ದು, ಆಚೆಗಿರುವುದು ಹಾಲುಹಾದಿಯ ಪಾಲು. ಈ ಗಡಿಗೆ ಉಬ್ಬರ ತ್ರಿಜ್ಯ ಅನ್ನುತ್ತಾರೆ. ಧನು ಗ್ಯಾಲಕ್ಸಿಯ ನಕ್ಷತ್ರಗಳು ಈ ಗಡಿಯ ಆಚೆಗೂ ಧಾರಾಳವಾಗಿ ಹರಡಿವೆ. ಅದರ ಹಣೆಬರಹ ಅಲ್ಲೇ ಗೊತ್ತಾಗುತ್ತದೆ.

ಲೆಕ್ಕ ಇಷ್ಟು ಸುಲಭವಾದರೆ ಸಿಮ್ಯುಲೇಶನ್ ಯಾಕೆ? ಈ ಗಡಿ ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೇ. ಹತ್ತಿರ ಬಂದಾಗ ಕುಗ್ಗುತ್ತದೆ, ದೂರ ಹೋದಾಗ ಹಿಗ್ಗುತ್ತದೆ. ಒಂದಷ್ಟು ನಕ್ಷತ್ರ ಹೋದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಗಡಿ ಮತ್ತೂ ಕುಗ್ಗುತ್ತದೆ, ಆಗ ಇನ್ನಷ್ಟು ನಕ್ಷತ್ರ ಹೋಗುತ್ತವೆ. ಉಳಿದವು ಈ ಆಘಾತಕ್ಕೆ ಉಬ್ಬಿಕೊಂಡು ಸಡಿಲವಾಗುತ್ತವೆ. ಒಂದಕ್ಕೊಂದು ತಳಕು ಹಾಕಿಕೊಂಡ ಇಂಥ ಆಟವನ್ನು ಕಾಗದದ ಮೇಲೆ ಬಿಡಿಸೋಕೆ ಆಗಲ್ಲ. ಹೆಜ್ಜೆ ಹೆಜ್ಜೆಯಾಗಿ ನಡೆಸಿಯೇ ನೋಡಬೇಕು.

ಇದನ್ನು ಮೊದಲು ನಡೆಸಿದ್ದು ಕಂಪ್ಯೂಟರ್‌ನಲ್ಲಲ್ಲ, ಬಲ್ಬುಗಳಲ್ಲಿ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಕಥೆ ಇದು. 1941ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎರಿಕ್ ಹೋಲ್ಮ್‌ಬರ್ಗ್ ಎಂಬಾತ ಎರಡು ಗ್ಯಾಲಕ್ಸಿಗಳು ಪಕ್ಕಪಕ್ಕದಲ್ಲಿ ಹಾದುಹೋದರೆ ಏನಾಗುತ್ತದೆ ಅಂತ ತಿಳಿಯಬೇಕೆಂದು ಕೂತ. ಲೆಕ್ಕ ಹಾಕುವ ಯಂತ್ರ ಇಲ್ಲ. ಆದರೆ ಅವನಿಗೆ ಒಂದು ವಿಷಯ ಹೊಳೆಯಿತು. ಬೆಳಕು ದೂರಕ್ಕೆ ಹೋದ ಹಾಗೆ ದೂರದ ವರ್ಗಕ್ಕೆ ತಕ್ಕಂತೆ ಮಂಕಾಗುತ್ತದೆ, ಗುರುತ್ವವೂ ಹಾಗೆಯೇ ಕಮ್ಮಿಯಾಗುತ್ತದೆ. ಸರಿ, ಒಂದೊಂದು ಗ್ಯಾಲಕ್ಸಿಗೆ 37ರಂತೆ ಒಟ್ಟು 74 ಬಲ್ಬುಗಳನ್ನು ಮೇಜಿನ ಮೇಲೆ ಜೋಡಿಸಿದ. ಒಂದು ಬಲ್ಬನ್ನು ತೆಗೆದು ಅದರ ಜಾಗದಲ್ಲಿ ಬೆಳಕು ಅಳೆಯುವ ಸಾಧನ ಇಟ್ಟು ಯಾವ ದಿಕ್ಕಿನಿಂದ ಎಷ್ಟು ಬೆಳಕು ಬರುತ್ತಿದೆ ಅಂತ ನೋಡಿದ. ಅದೇ ಆ ಬಲ್ಬಿನ ಮೇಲಿನ ಗುರುತ್ವ. ಅದರ ಪ್ರಕಾರ ಬಲ್ಬನ್ನು ಸ್ವಲ್ಪ ಸರಿಸಿದ. ಆಮೇಲೆ ಮುಂದಿನ ಬಲ್ಬು. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಆ ಕತ್ತಲೆ ಕೋಣೆಯಲ್ಲಿ ಬಗ್ಗಿ ಬಗ್ಗಿ ಅವನ ಬೆನ್ನು ಏನಾಗಿರಬಹುದು ಅಂತ ಯೋಚಿಸುತ್ತೇನೆ. ಆದರೆ ಉತ್ತರ ಸಿಕ್ಕಿತು: ಗ್ಯಾಲಕ್ಸಿಗಳು ಒಂದನ್ನೊಂದು ಜಗ್ಗಿ ಆಕಾರ ಕೆಡಿಸುತ್ತವೆ.

ಇವತ್ತು ಕಂಪ್ಯೂಟರ್ ಮಾಡುವುದೂ ಅದನ್ನೇ, ಬಲ್ಬಿನ ಬದಲು ಸಂಖ್ಯೆಗಳಲ್ಲಿ. ಪ್ರತಿ ಕಣಕ್ಕೂ (ನನ್ನ ಉಂಡೆಯ ಚುಕ್ಕೆಗಳೇ ಈ ಕಣಗಳು) ಉಳಿದ ಎಲ್ಲ ಕಣಗಳ ಎಳೆತ ಲೆಕ್ಕ ಹಾಕು, ಸ್ವಲ್ಪ ಸರಿಸು, ಮತ್ತೆ ಲೆಕ್ಕ ಹಾಕು. ಕೇಳೋಕೆ ಸರಳ. ಆದರೆ 1 ಲಕ್ಷ ಕಣ ಇದ್ದರೆ ಜೋಡಿಗಳು 500 ಕೋಟಿ, ಅದೂ ಒಂದೇ ಒಂದು ಹೆಜ್ಜೆಗೆ. ಸಾವಿರಾರು ಹೆಜ್ಜೆ ಬೇಕು. 1986ರಲ್ಲಿ ಜೋಶುವಾ ಬಾರ್ನ್ಸ್ ಮತ್ತು ಪೀಟ್ ಹಟ್ ಇದಕ್ಕೆ ಒಂದು ಜಾಣ ದಾರಿ ಕೊಟ್ಟರು. ದೂರದಲ್ಲಿರುವ ಕಣಗಳ ಗುಂಪನ್ನು ಒಂದೊಂದಾಗಿ ಎಣಿಸಬೇಡ, ಇಡೀ ಗುಂಪನ್ನು ಒಂದೇ ದೊಡ್ಡ ಕಣ ಅಂತ ಲೆಕ್ಕಕ್ಕೆ ತಗೋ. ಬೆಂಗಳೂರಿನಲ್ಲಿ ಕೂತವನಿಗೆ ಪಕ್ಕದ ಮನೆಯವರೆಲ್ಲರ ಹೆಸರು ಬೇಕು, ಬೀದರ್ ಅಂದರೆ ಬೀದರ್ ಅಂತ ಒಂದೇ ಹೆಸರು ಸಾಕು, ಹಾಗೆ. ಮರದ ಕೊಂಬೆಗಳಂತೆ ಗುಂಪು, ಗುಂಪಿನೊಳಗೆ ಗುಂಪು ಮಾಡಿಕೊಂಡರೆ 500 ಕೋಟಿಯ ಲೆಕ್ಕ ಕೆಲವು ಲಕ್ಷಗಳಿಗೋ ಕೋಟಿಗಳಿಗೋ ಇಳಿಯುತ್ತದೆ. ವೋಲ್ಕರ್ ಸ್ಪ್ರಿಂಗಲ್ ಬರೆದ ಗ್ಯಾಜೆಟ್ ಎಂಬ ಪ್ರೋಗ್ರಾಂ ಇದೇ ಬಗೆಯದ್ದು, ಯಾರು ಬೇಕಾದರೂ ಇಳಿಸಿಕೊಂಡು ಓಡಿಸಬಹುದು.

ಈಗ ಒಂದು ಸೂಕ್ಷ್ಮ ವಿಷಯ. ನಮ್ಮ ಕಣ ನಕ್ಷತ್ರ ಅಲ್ಲ. 40 ಕೋಟಿ ಸೂರ್ಯರ ತೂಕವನ್ನು 1 ಲಕ್ಷ ಕಣಗಳಿಗೆ ಹಂಚಿದರೆ ಒಂದು ಕಣಕ್ಕೆ 4,000 ಸೂರ್ಯರು. ನಿಜವಾದ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳ ನಡುವೆ ಎಷ್ಟು ಖಾಲಿ ಜಾಗ ಇದೆ ಅಂದರೆ ಒಂದು ನಕ್ಷತ್ರ ಇನ್ನೊಂದನ್ನು ಹತ್ತಿರದಿಂದ ಹಾದು ದಾರಿ ತಪ್ಪುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆದರೆ 4,000 ಸೂರ್ಯರ ತೂಕದ ಎರಡು ಕಣಗಳು ಪಕ್ಕಪಕ್ಕ ಬಂದರೆ ಒಂದನ್ನೊಂದು ಕವಣೆಯಿಂದ ಹೊಡೆದ ಹಾಗೆ ಎಸೆದುಬಿಡುತ್ತವೆ. ನಿಜದಲ್ಲಿ ನಡೆಯದ ಘಟನೆ ಅದು. ಅದನ್ನು ತಡೆಯಲು ಕಣಗಳನ್ನು ಗಟ್ಟಿ ಗೋಲಿಯಂತಲ್ಲ, ಅರಳೆಯ ಉಂಡೆಯಂತೆ ಮೃದು ಮಾಡುತ್ತಾರೆ. ತುಂಬಾ ಹತ್ತಿರ ಬಂದಾಗ ಎಳೆತ ಏರುತ್ತಲೇ ಹೋಗದ ಹಾಗೆ ಸೂತ್ರಕ್ಕೆ ಒಂದು ಸಣ್ಣ ದೂರವನ್ನು ಸೇರಿಸುತ್ತಾರೆ. ಎಷ್ಟು ಮೃದು ಮಾಡಬೇಕು? ಕೊಲೆಗಾರ ಅಡಗಿ ಕೂತಿರುವ ಒಂದು ಮೂಲೆ ಇದೇ. ನೆನಪಿಟ್ಟುಕೊಳ್ಳಿ, ಮತ್ತೆ ಬರೋಣ.

ಹೆಜ್ಜೆ ಇಡುವ ಕ್ರಮದಲ್ಲೂ ಎಡವಬಹುದು. ನಾನು ಮೊದಮೊದಲು ಬರೆದ ಕೋಡ್ ಅತಿ ಸರಳವಾಗಿತ್ತು: ಈಗಿನ ವೇಗಕ್ಕೆ ತಕ್ಕಂತೆ ಜಾಗ ಬದಲಿಸು, ಈಗಿನ ಎಳೆತಕ್ಕೆ ತಕ್ಕಂತೆ ವೇಗ ಬದಲಿಸು. ಪರೀಕ್ಷೆಗೆ ಅಂತ ಸೂರ್ಯನ ಸುತ್ತ ಭೂಮಿಯನ್ನು ಬಿಟ್ಟರೆ ಭೂಮಿ ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ ಹೊರಗೆ ಸರಿಯುತ್ತಾ ಹೋಯಿತು, ಯಾರೂ ಕೊಡದ ಶಕ್ತಿ ಅದಕ್ಕೆ ಎಲ್ಲಿಂದಲೋ ಬರುತ್ತಿತ್ತು. ಹೆಜ್ಜೆಯ ಶುರುವಿನ ಎಳೆತವನ್ನೇ ಇಡೀ ಹೆಜ್ಜೆಗೆ ಬಳಸಿದ್ದರ ಫಲ. ಇದಕ್ಕೆ ಮದ್ದು ಲೀಪ್‌ಫ್ರಾಗ್ ಎಂಬ ಪದ್ಧತಿ. ವೇಗವನ್ನು ಅರ್ಧ ಹೆಜ್ಜೆ ಮುಂದೆ ತಳ್ಳಿ, ಜಾಗವನ್ನು ಪೂರ್ತಿ ಹೆಜ್ಜೆ ಸರಿಸಿ, ಹೊಸ ಜಾಗದ ಎಳೆತದಿಂದ ವೇಗದ ಉಳಿದ ಅರ್ಧ ಹೆಜ್ಜೆ ಮುಗಿಸುವುದು. ಬದಲಿಸಿದ್ದು ಎರಡೇ ಸಾಲು. ಭೂಮಿ ತೆಪ್ಪಗೆ ತನ್ನ ದಾರಿಯಲ್ಲಿ ನಿಂತಿತು.

ಇಷ್ಟಾದ ಮೇಲೆ ಮರಿ ಗ್ಯಾಲಕ್ಸಿಯನ್ನು ಕಟ್ಟಬೇಕು. ಕಣಗಳನ್ನು ಸುರಿದರೆ ಸಾಲದು, ಪ್ರತಿಯೊಂದಕ್ಕೂ ಸರಿಯಾದ ವೇಗ ಕೊಡಬೇಕು. ಕಮ್ಮಿ ಕೊಟ್ಟರೆ ಉಂಡೆ ಒಳಗೆ ಕುಸಿಯುತ್ತದೆ, ಜಾಸ್ತಿ ಕೊಟ್ಟರೆ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ. ಹಾಗಾಗಿ ಪಳಗಿದವರು ಮೊದಲು ಉಂಡೆಯನ್ನು ಖಾಲಿ ಜಾಗದಲ್ಲಿ ಒಂಟಿಯಾಗಿ ಕೂರಿಸಿ, ಹಾಲುಹಾದಿ ಇಲ್ಲದೆಯೇ ಕೆಲವು ನೂರು ಕೋಟಿ ವರ್ಷ ಓಡಿಸುತ್ತಾರೆ. ತಾನಾಗಿಯೇ ಆಕಾರ ಕೆಡದೆ ಕೂತರೆ ಮಾತ್ರ ಮುಂದಿನ ಕೆಲಸ. ಈ ಹಂತ ಬಿಟ್ಟವರ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಎಲ್ಲಿಂದ ಬಿಡಬೇಕು ಅನ್ನುವುದು ಮುಂದಿನ ತಲೆಬಿಸಿ. ಧನು ಗ್ಯಾಲಕ್ಸಿ ಇವತ್ತು ಎಲ್ಲಿದೆ, ಎಷ್ಟು ವೇಗದಲ್ಲಿ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತು. ಅದನ್ನು ಒಂದೇ ಚುಕ್ಕೆ ಅಂದುಕೊಂಡು ಕಾಲವನ್ನು ಹಿಂದಕ್ಕೆ ಓಡಿಸಬೇಕು, 300 ಕೋಟಿ ವರ್ಷ ಹಿಂದೆ ಎಲ್ಲಿತ್ತು ಅಂತ ನೋಡಬೇಕು, ಅಲ್ಲಿ ಪೂರ್ತಿ ಉಂಡೆಯನ್ನು ಇಟ್ಟು ಮುಂದಕ್ಕೆ ಓಡಿಸಬೇಕು. ಇಲ್ಲಿ ಒಂದು ತೊಡಕಿದೆ. ಭಾರದ ವಸ್ತು ಸಣ್ಣ ಕಣಗಳ ಕಡಲಿನಲ್ಲಿ ಸಾಗುವಾಗ ಅದರ ಹಿಂದೆ ಆ ಕಣಗಳು ಗುಂಪುಗೂಡಿ ಅದನ್ನೇ ಹಿಂದಕ್ಕೆ ಎಳೆಯುತ್ತವೆ. 1943ರಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕ ಮಾಡಿ ತೋರಿಸಿದ ಘರ್ಷಣೆ ಇದು. ಇದರಿಂದ ಮರಿ ಗ್ಯಾಲಕ್ಸಿಯ ದಾರಿ ನಿಧಾನಕ್ಕೆ ಒಳಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಅನ್ನುವುದು ಆಯಾ ಹೊತ್ತಿನಲ್ಲಿ ಅದರ ತೂಕ ಎಷ್ಟಿತ್ತು ಅನ್ನುವುದರ ಮೇಲೆ ನಿಂತಿದೆ, ತೂಕ ಎಷ್ಟಿತ್ತು ಅನ್ನುವುದು ಎಷ್ಟು ಉದುರಿತ್ತು ಅನ್ನುವುದರ ಮೇಲೆ, ಉದುರಿದ್ದು ಎಷ್ಟು ಅಂತ ತಿಳಿಯೋಕೆ ತಾನೇ ಸಿಮ್ಯುಲೇಶನ್ ಮಾಡಲು ಹೊರಟಿದ್ದು! ಹಾಗಾಗಿ ಊಹಿಸು, ಓಡಿಸು, ಇವತ್ತಿನ ಜಾಗಕ್ಕೆ ಬಂತಾ ನೋಡು, ತಿದ್ದು, ಮತ್ತೆ ಓಡಿಸು. ದೋಸೆ ಹಿಟ್ಟಿನ ಹದ ಹುಡುಕಿದ ಹಾಗೆ.

ಓಡಿಸಿದಾಗ ಮೊದಲು ಕಾಣುವುದು ಆ ಎರಡು ಬಾಲಗಳು. ಒಂದು ಮುಂದೆ, ಒಂದು ಹಿಂದೆ ಯಾಕೆ? ಹಾಲುಹಾದಿಯ ಕಡೆಯಿಂದ ಜಾರಿದ ನಕ್ಷತ್ರ ಸ್ವಲ್ಪ ಒಳಗಿನ ದಾರಿ ಹಿಡಿಯುತ್ತದೆ. ಒಳಗಿನ ದಾರಿ ಚಿಕ್ಕದು, ಬೇಗ ಮುಗಿಯುತ್ತದೆ, ಹಾಗಾಗಿ ತಾಯಿಗಿಂತ ಮುಂದೆ ಓಡುತ್ತದೆ. ಆಚೆ ಬದಿಯಿಂದ ಜಾರಿದ್ದು ಹೊರಗಿನ ದಾರಿಗೆ ಬಿದ್ದು ಹಿಂದೆ ಉಳಿಯುತ್ತದೆ. ಸುತ್ತುಗಳು ಕಳೆದ ಹಾಗೆ ಇವು ಉದ್ದವಾಗಿ ಆಕಾಶವನ್ನೇ ಸುತ್ತುವ ಪಟ್ಟಿಯಾಗುತ್ತವೆ. ಧನು ಗ್ಯಾಲಕ್ಸಿಯ ಪಟ್ಟಿ ನಿಜವಾಗಿಯೂ ಹಾಗೇ ಇದೆ. 2003ರಲ್ಲಿ ಸ್ಟೀವನ್ ಮಜೆವ್ಸ್ಕಿ ತಂಡ ಕೆಂಪು ದೈತ್ಯ ನಕ್ಷತ್ರಗಳನ್ನು ಮಾತ್ರ ಆರಿಸಿ ಇಡೀ ಆಕಾಶದ ನಕ್ಷೆ ಮಾಡಿದಾಗ ಅದು ಸುತ್ತಿಕೊಂಡಿರುವುದು ಸ್ಪಷ್ಟವಾಗಿ ಕಂಡಿತು.

ಇಲ್ಲಿಂದ ಕಥೆ ಪತ್ತೇದಾರಿಯಾಯಿತು. ಬಾಲದ ಆಕಾರ ಹಾಲುಹಾದಿಯ ಗುರುತ್ವದ ಆಕಾರವನ್ನು ಹೇಳುತ್ತದೆ, ಅಂದರೆ ಕಾಣದ ಡಾರ್ಕ್ ಮ್ಯಾಟರ್ ಹೇಗೆ ಹರಡಿದೆ ಅಂತ ಬಾಲ ನೋಡಿ ಹೇಳಬಹುದು. ಆದರೆ ಎಷ್ಟು ತಿದ್ದಿದರೂ ಸಿಮ್ಯುಲೇಶನ್ನಿನ ಬಾಲ ಆಕಾಶದ ಬಾಲಕ್ಕೆ ಕೂಡುತ್ತಿರಲಿಲ್ಲ. ಮುಂದಿನ ಬಾಲದ ಜಾಗ ಸರಿಹೋದರೆ ವೇಗ ತಪ್ಪುತ್ತಿತ್ತು, ವೇಗ ಸರಿಹೋದರೆ ಜಾಗ. 2010ರಲ್ಲಿ ಡೇವಿಡ್ ಲಾ ಮತ್ತು ಮಜೆವ್ಸ್ಕಿ ಕೊನೆಗೂ ಬಹುಪಾಲು ಕೂಡಿಸಿದರು, ಆದರೆ ಅದಕ್ಕಾಗಿ ಹಾಲುಹಾದಿಯ ಡಾರ್ಕ್ ಮ್ಯಾಟರ್ ಮೂರು ದಿಕ್ಕಿಗೂ ಬೇರೆ ಬೇರೆ ಉದ್ದವಿರುವ, ಅದೂ ಹಾಲುಹಾದಿಯ ನಕ್ಷತ್ರಗಳು ಹರಡಿರುವ ಚಪ್ಪಟೆ ತಟ್ಟೆಗೆ ವಿಚಿತ್ರವಾಗಿ ಅಡ್ಡ ನಿಂತ ಒಂದು ಆಕಾರದಲ್ಲಿರಬೇಕಾಯಿತು. ಅಂಥ ಜೋಡಣೆಯಲ್ಲಿ ತಟ್ಟೆ ಸ್ಥಿರವಾಗಿ ನಿಲ್ಲೋದೇ ಕಷ್ಟ ಅಂತ ಬೇರೆಯವರು ತಕರಾರು ತೆಗೆದರು. ಬೀಗ ತೆರೆಯಿತು, ಆದರೆ ಕೀಲಿಕೈ ನಂಬುವ ಹಾಗಿಲ್ಲ.

ತಪ್ಪು ಇದ್ದದ್ದು ಬೇರೆಡೆ. ಎಲ್ಲರೂ ಹಾಲುಹಾದಿ ಮತ್ತು ಧನು ಗ್ಯಾಲಕ್ಸಿ ಎರಡನ್ನೇ ಇಟ್ಟು ಆಡಿಸುತ್ತಿದ್ದರು. ಕೋಣೆಯಲ್ಲಿ ಮೂರನೆಯವರೂ ಇದ್ದರು. ದೊಡ್ಡ ಮೆಜಲ್ಲನ್ ಮೋಡ, ದಕ್ಷಿಣ ಗೋಳಾರ್ಧದವರಿಗೆ ಬರಿಗಣ್ಣಿಗೆ ಕಾಣುವ ಇನ್ನೊಂದು ಉಪಗ್ಯಾಲಕ್ಸಿ. ಅದು ಹಗುರ, ಏನೂ ಮಾಡಲ್ಲ ಅಂತ ಬಿಟ್ಟಿದ್ದರು. ಅದರ ತೂಕ 10 ಸಾವಿರ ಕೋಟಿ ಸೂರ್ಯರಿಗೂ ಹೆಚ್ಚು ಅಂತ ಗೊತ್ತಾಗುತ್ತಾ ಬಂತು. ಅಷ್ಟು ಭಾರದ್ದು ಪಕ್ಕಕ್ಕೆ ಬಂದರೆ ಧನು ಗ್ಯಾಲಕ್ಸಿಯ ಬಾಲ ಬಾಗುವುದಿರಲಿ, ಹಾಲುಹಾದಿಯೇ ಜಾಗ ಬಿಟ್ಟು ಅದರ ಕಡೆಗೆ ವಾಲುತ್ತದೆ. ಅನುಮಾನ ಮೊದಲೇ ಇತ್ತು. 2021ರಲ್ಲಿ ಯೂಜೀನ್ ವಾಸಿಲಿಯೆವ್, ವಾಸಿಲಿ ಬೆಲೊಕುರೊವ್ ಮತ್ತು ಡೆನಿಸ್ ಎರ್ಕಾಲ್ ಮೂರನ್ನೂ ಒಟ್ಟಿಗೆ ಕುಣಿಸಿದರು. ಗಾಯಾ ಉಪಗ್ರಹ ಕೊಟ್ಟ ನಕ್ಷತ್ರಗಳ ಚಲನೆಯ ಲೆಕ್ಕ ಕೈಯಲ್ಲಿತ್ತು. ಬಾಲ ಕೂಡಿಕೊಂಡಿತು. ಮೋಡವನ್ನು ತೆಗೆದರೆ ಮತ್ತೆ ಕೂಡಲಿಲ್ಲ.

ಸರಿ, ನನ್ನ ಲ್ಯಾಪ್‌ಟಾಪ್ ಕೊಲೆಗೆ ಬರೋಣ.

ಮರಿ ಗ್ಯಾಲಕ್ಸಿ ಒಂದು ತೆಂಗಿನಕಾಯಿ ಇದ್ದ ಹಾಗೆ. ಹೊರಗೆ ದಪ್ಪ ಸಿಪ್ಪೆ, ಅದು ಡಾರ್ಕ್ ಮ್ಯಾಟರ್. ಒಳಗೆ ಸ್ವಲ್ಪ ಕೊಬ್ಬರಿ, ಅದು ನಕ್ಷತ್ರಗಳು. ಜಗ್ಗಾಟದಲ್ಲಿ ಮೊದಲು ಸುಲಿಯುವುದು ಸಿಪ್ಪೆ. ಡಾರ್ಕ್ ಮ್ಯಾಟರ್‌ನ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಹೋದ ಮೇಲಷ್ಟೇ ನಕ್ಷತ್ರಗಳು ಗಣನೀಯವಾಗಿ ಉದುರತೊಡಗುತ್ತವೆ. ಡಾರ್ಕ್ ಮ್ಯಾಟರ್ ಬಗ್ಗೆ ಈಗ ಚಾಲ್ತಿಯಲ್ಲಿರುವ ಸಿದ್ಧಾಂತದ ಪ್ರಕಾರ ಅದು ನಡುವಿಗೆ ಹೋದ ಹಾಗೆ ದಟ್ಟವಾಗುತ್ತಾ, ಕೊನೆಗೆ ಮೊನೆಯ ಹಾಗೆ ಏರುತ್ತದೆ. ಮೊನೆ ಇದ್ದರೆ ಒಳಗೆ ಹೋದಷ್ಟೂ ಹಿಡಿತ ಬಿಗಿ. ಎಷ್ಟು ಸುಲಿದರೂ ಅದಕ್ಕಿಂತ ಚಿಕ್ಕದಾದ, ಅದಕ್ಕಿಂತ ಬಿಗಿಯಾದ ಒಂದು ಚೂರು ಉಳಿಯಲೇಬೇಕು. 2020ರಲ್ಲಿ ರಫಾಯೆಲ್ ಎರ್ರಾನಿ ಮತ್ತು ಹೋರ್ಹೆ ಪೆನ್ಯಾರುಬಿಯಾ ಹೇಳಿದ್ದು ಇದನ್ನೇ. ಮೊನೆಯಿರುವ ಉಂಡೆಯನ್ನು ನಯವಾದ ಉಬ್ಬರ ಬಲ ಪೂರ್ತಿ ಅಳಿಸಲಾರದು.

ಆದರೆ ದೊಡ್ಡ ದೊಡ್ಡ ವಿಶ್ವ ಸಿಮ್ಯುಲೇಶನ್‌ಗಳಲ್ಲಿ ಮರಿ ಉಂಡೆಗಳು ಸಾಲು ಸಾಲಾಗಿ ಮಾಯವಾಗುತ್ತವೆ. 2018ರಲ್ಲಿ ಫ್ರಾಂಕ್ ವಾನ್ ಡೆನ್ ಬಾಷ್ ಮತ್ತು ಗೋ ಒಗಿಯಾ ಮತ್ತವರ ಜೊತೆಗಾರರು ಇದನ್ನು ಬೆನ್ನು ಹತ್ತಿದರು. ಒಂದೇ ಒಂದು ಉಂಡೆ, ಒಂದೇ ದಾರಿ, ಕಣಗಳ ಸಂಖ್ಯೆ ಮತ್ತು ಮೃದುತನ ಮಾತ್ರ ಬದಲಿಸಿ ಮತ್ತೆ ಮತ್ತೆ ಓಡಿಸಿದರು. ಬಹುಪಾಲು ಸಾವುಗಳು ನಿಜವಲ್ಲ, ಲೆಕ್ಕದ ಬಡತನದಿಂದ ಆದದ್ದು ಅಂತ ಅವರ ತೀರ್ಮಾನ. ಕಾರಣ ಎರಡು. ಕಣಗಳನ್ನು ತುಂಬಾ ಮೃದು ಮಾಡಿದರೆ ನಡುವಿನ ಮೊನೆಯೇ ಕರಗಿ ಚಪ್ಪಟೆಯಾಗುತ್ತದೆ, ಹಿಡಿತ ಹೋಗುತ್ತದೆ. ಕಣಗಳು ಕಮ್ಮಿ ಇದ್ದರೆ ಆಕಸ್ಮಿಕವಾಗಿ ನಾಲ್ಕು ಕಣ ಜಾಸ್ತಿ ಉದುರಿದರೂ ಅದೇ ದೊಡ್ಡ ನಷ್ಟ, ಉಂಡೆ ಸ್ವಲ್ಪ ಉಬ್ಬುತ್ತದೆ, ಉಬ್ಬಿದ್ದಕ್ಕೆ ಇನ್ನೆಂಟು ಉದುರುತ್ತವೆ, ಆಮೇಲೆ ನಿಲ್ಲುವುದೇ ಇಲ್ಲ. ನೂರು ಜನರ ಊರಿನಿಂದ ಹತ್ತು ಮನೆ ಗುಳೆ ಹೋದರೆ ಊರಿಗೆ ಊರೇ ಖಾಲಿಯಾಗುವ ಹಾಗೆ. ನನ್ನ 2,000 ಚುಕ್ಕೆಗಳಿಗೆ ಆದದ್ದೂ ಅದೇ ಅಂತ ನನ್ನ ಅನಿಸಿಕೆ. ಮೃದುತನದ ಅಳತೆಯನ್ನೂ ಕಣ್ಣಳತೆಯಲ್ಲಿ ಹಾಕಿದ್ದೆ, ಸುಳ್ಳು ಹೇಳಲ್ಲ.

ಸತ್ತರೇನು ಉಳಿದರೇನು, ಚೂರು ತಾನೇ ಅಂತ ಕೇಳಬಹುದು. 1999ರಲ್ಲಿ ಎರಡು ತಂಡಗಳು ಹಾಲುಹಾದಿಯ ಸುತ್ತ ನೂರಾರು ಡಾರ್ಕ್ ಮ್ಯಾಟರ್ ಉಂಡೆಗಳು ಇರಬೇಕು ಅಂತ ಸಿಮ್ಯುಲೇಶನ್‌ನಿಂದ ಹೇಳಿದವು. ಆಗ ಗೊತ್ತಿದ್ದ ಉಪಗ್ಯಾಲಕ್ಸಿಗಳು ಹತ್ತು ಹನ್ನೆರಡು. ಉಳಿದವು ಎಲ್ಲಿ ಅಂತ ದೊಡ್ಡ ಗಲಾಟೆಯೇ ಆಯಿತು. ಉಂಡೆ ಇದ್ದರೂ ಅದರಲ್ಲಿ ನಕ್ಷತ್ರ ಹುಟ್ಟದಿರಬಹುದು, ಹಾಲುಹಾದಿಯ ತಟ್ಟೆ ಕೆಲವನ್ನು ಅರೆದು ಹಾಕಿರಬಹುದು, ಹೀಗೆ ಹಲವು ಉತ್ತರ ಬಂದವು. ಈ ಎಣಿಕೆಯಿಂದಲೇ ಡಾರ್ಕ್ ಮ್ಯಾಟರ್ ಎಂಥದ್ದು ಅಂತ ತೀರ್ಮಾನಿಸುತ್ತಾರೆ. ಸಿಮ್ಯುಲೇಶನ್ ತಾನೇ ಸುಮ್ಮನೆ ಕೊಲ್ಲುತ್ತಿದ್ದರೆ ಎಣಿಕೆಯೇ ತಪ್ಪು. ಇನ್ನೊಂದು ಕಡೆಯಿಂದಲೂ ನೋಡಿ. 2018ರಲ್ಲಿ ಗಾಯಾ ಮಾಹಿತಿಯಿಂದ ಸಿಕ್ಕ ಆಂಟ್ಲಿಯಾ 2 ಎಂಬ ಗ್ಯಾಲಕ್ಸಿ ಅಗಲದಲ್ಲಿ ದೊಡ್ಡ ಮೆಜಲ್ಲನ್ ಮೋಡದಷ್ಟಿದೆ, ಆದರೆ ಬೆಳಕು ಇಲ್ಲವೆನ್ನುವಷ್ಟು ಮಂಕು. ಹರಿದ ಸೊಳ್ಳೆ ಪರದೆಯಂತಿದೆ. ಮೊನೆಯಿರುವ ಉಂಡೆ ಉಬ್ಬರಕ್ಕೆ ಸಿಕ್ಕಿ ಇಷ್ಟು ಸಡಿಲವಾಗುವುದು ಕಷ್ಟ. ನಡುಭಾಗ ಮೊದಲೇ ಚಪ್ಪಟೆಯಾಗಿತ್ತು ಅಂದುಕೊಂಡರೆ ಲೆಕ್ಕ ಸುಲಭವಾಗುತ್ತದೆ. ಮೊನೆ ಇದೆಯೋ ಇಲ್ಲವೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆ ಜಗಳದ ಪಂಚಾಯಿತಿ ಕಟ್ಟೆಯೇ ಈ ಸಿಮ್ಯುಲೇಶನ್‌ಗಳು.

ಧನು ಗ್ಯಾಲಕ್ಸಿ ಪೂರ್ತಿ ಹರಿದ ಮೇಲೂ ಎಂ54 ಉಳಿಯುತ್ತದೆ, ಅದು ಅಷ್ಟು ಬಿಗಿ. ಕೊಬ್ಬರಿಯೆಲ್ಲ ಹೋಗಿ ಬೀಜವೊಂದೇ ಉಳಿದ ಹಾಗೆ. ಅಂಥ ಒಂದು ಬೀಜ ಈಗಲೇ ಆಕಾಶದಲ್ಲಿದೆ ಅಂತ ತುಂಬಾ ಖಗೋಳಿಗರು ಅನುಮಾನಿಸುತ್ತಾರೆ. ಹೆಸರು ಒಮೆಗಾ ಸೆಂಟಾರಿ. ಸುಮಾರು 1 ಕೋಟಿ ನಕ್ಷತ್ರಗಳು, ಒಂದೇ ವಯಸ್ಸಿನವಲ್ಲ, ಮಾಮೂಲಿ ಗುಚ್ಛದಲ್ಲಿ ಹೀಗಿರುವುದಿಲ್ಲ. 2019ರಲ್ಲಿ ಇಬಾಟಾ ತಂಡ ಅದರಿಂದ ಉದುರಿದ ನಕ್ಷತ್ರಗಳ ಬಾಲವನ್ನೂ ಹುಡುಕಿತು. ಧನು ಗ್ಯಾಲಕ್ಸಿ ಕಂಡುಹಿಡಿದ ಅದೇ ಇಬಾಟಾ. 2024ರಲ್ಲಿ ಹಬಲ್ ಚಿತ್ರಗಳಲ್ಲಿ ಅದರ ನಡುವೆ ತೀರಾ ವೇಗವಾಗಿ ಓಡುವ ಏಳು ನಕ್ಷತ್ರಗಳು ಕಂಡವು, ಅವನ್ನು ಹಿಡಿದಿಡಲು ಅಲ್ಲಿ ಕನಿಷ್ಠ 8,200 ಸೂರ್ಯರ ತೂಕದ ಕಪ್ಪು ಕುಳಿ ಇರಬೇಕು.

ಯುರೋಪಿನ ಬಹುಪಾಲು ಜನಕ್ಕೆ ಒಮೆಗಾ ಸೆಂಟಾರಿ ಕಾಣುವುದೇ ಇಲ್ಲ, ನಮಗೆ ಕಾಣುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ, ಮಳೆ ಮೋಡ ಇಲ್ಲದ ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ, ಊರ ದೀಪಗಳಿಂದ ದೂರ ನಿಂತು ನೇರ ದಕ್ಷಿಣಕ್ಕೆ ನೋಡಿ. ಬೆಂಗಳೂರಿನ ಸುತ್ತಮುತ್ತ ಇದ್ದರೆ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ, ಕೈ ಚಾಚಿ ಮುಷ್ಟಿ ಹಿಡಿದರೆ ಮೂರು ಮುಷ್ಟಿ ಎತ್ತರದಲ್ಲಿ, ಒರೆಸಿದ ಹಾಗೆ ಮಸುಕಾಗಿ ಒಂದು ನಕ್ಷತ್ರ ಕಾಣುತ್ತದೆ. ಬೈನಾಕ್ಯುಲರ್ ಹಿಡಿದರೆ ಹತ್ತಿಯ ಉಂಡೆ. ನಾನು ಮೊದಲ ಸಲ ನೋಡಿದಾಗ ಲೆನ್ಸ್ ಮೇಲೆ ಮಂಜು ಕೂತಿದೆ ಅಂದುಕೊಂಡು ಅಂಗಿಯಿಂದ ಎರಡು ಸಲ ಒರೆಸಿದ್ದೆ.